ಬಸುರಿನ ಮೊದಲ ಮೂರು ತಿಂಗಳು: ಮನಸ್ಸನ್ನು ನೋಡಿಕೊಳ್ಳುವುದು ಹೇಗೆ?

ಮುಟ್ಟು ನಿಂತು ವಾರವಾಗಿದೆ. ಕಿಟ್‌ನಲ್ಲಿ ಎರಡು ಗೆರೆ ಕಂಡಿವೆ. ಸಂತೋಷಪಡಬೇಕಾದ ಹೊತ್ತು ಎಂದು ನಿಮಗೂ ಗೊತ್ತು. ಆದರೆ ಬೆಳಿಗ್ಗೆ ಎದ್ದರೆ ವಾಕರಿಕೆ, ಮಧ್ಯಾಹ್ನಕ್ಕೆ ಮೈಯೆಲ್ಲ ಸುಸ್ತು, ರಾತ್ರಿ ಕಾರಣವಿಲ್ಲದೆ ಅಳು. "ನನಗೇಕೆ ಖುಷಿಯಾಗುತ್ತಿಲ್ಲ?" ಎಂಬ ಪ್ರಶ್ನೆ ಒಳಗೇ ಕೊರೆಯುತ್ತದೆ.

ಇದರ ಜೊತೆಗೆ, ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂಬ ರೂಢಿ ನಮ್ಮಲ್ಲಿದೆ. ಹೀಗಾಗಿ ದೇಹ ಮತ್ತು ಮನಸ್ಸು ಎರಡೂ ಹೆಚ್ಚು ಕಾಡುವ ವಾರಗಳನ್ನೇ ಅನೇಕರು ಒಂಟಿಯಾಗಿ ಕಳೆಯುತ್ತಾರೆ. ತವರು ಧಾರವಾಡದಲ್ಲೋ ಮಂಗಳೂರಿನಲ್ಲೋ ಇದ್ದು, ನೀವು ಪುಣೆಯಲ್ಲೋ ದೆಹಲಿಯಲ್ಲೋ ಇದ್ದರೆ ಈ ಒಂಟಿತನ ಇನ್ನೂ ಹೆಚ್ಚು.

ಈ ತಿಂಗಳುಗಳಲ್ಲಿ ಮನಸ್ಸು ಹೀಗೆ ಏಕಾಗುತ್ತದೆ, ಯಾವುದು ಸಹಜ, ಯಾವಾಗ ಸಹಾಯ ಬೇಕು, ಆ ಸಹಾಯ ಎಲ್ಲಿ ಸಿಗುತ್ತದೆ ಎಂಬುದನ್ನು ಇಲ್ಲಿ ತಿಳಿಸಲಾಗಿದೆ. ನಿಮ್ಮ ಜೊತೆಗಿರುವವರೂ ಇದನ್ನು ಓದಲಿ.

## ಮನಸ್ಸು ಹೀಗೆ ಏಕಾಗುತ್ತದೆ?

ಗರ್ಭದ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಸುಮಾರು 13ನೇ ವಾರದವರೆಗಿನ ಅವಧಿ ಮೊದಲ ತ್ರೈಮಾಸಿಕ. ಈ ಅವಧಿಯಲ್ಲಿ ಎಚ್‌ಸಿಜಿ, ಪ್ರೊಜೆಸ್ಟರಾನ್, ಈಸ್ಟ್ರೊಜೆನ್ ಹಾರ್ಮೋನುಗಳು ವೇಗವಾಗಿ ಏರುತ್ತವೆ. ಇದರ ಪರಿಣಾಮವಾಗಿ ನಿದ್ದೆ ಎಳೆಯುತ್ತದೆ, ಸುಸ್ತಾಗುತ್ತದೆ, ಸಣ್ಣ ಮಾತಿಗೂ ಕಣ್ಣು ತುಂಬುತ್ತದೆ ಅಥವಾ ಸಿಟ್ಟು ಬರುತ್ತದೆ. ಇದು ನಿಮ್ಮ ಸ್ವಭಾವ ಕೆಟ್ಟದ್ದರ ಗುರುತಲ್ಲ.

ವಾಕರಿಕೆ ಸಾಮಾನ್ಯವಾಗಿ 6ನೇ ವಾರದ ಹೊತ್ತಿಗೆ ಶುರುವಾಗಿ, ಹೆಚ್ಚಿನವರಲ್ಲಿ 12ರಿಂದ 16ನೇ ವಾರದೊಳಗೆ ಕಡಿಮೆಯಾಗುತ್ತದೆ. ಒಗ್ಗರಣೆಯ ವಾಸನೆ ಬಂದರೂ ಹೊಟ್ಟೆ ತೊಳಸುವಾಗ, ತಿಂದದ್ದು ಒಳಗೆ ನಿಲ್ಲದಿರುವಾಗ, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವಾಗ ಯಾರ ಮನಸ್ಸಾದರೂ ಕುಗ್ಗುತ್ತದೆ. ಎಷ್ಟೋ ಸಲ ವಾಂತಿಗೆ ಸರಿಯಾದ ಚಿಕಿತ್ಸೆ ಸಿಕ್ಕರೆ ಮನಸ್ಸೂ ಅರ್ಧ ಹಗುರಾಗುತ್ತದೆ.

ರಕ್ತಹೀನತೆ ಮತ್ತು ಥೈರಾಯ್ಡ್ ಕೊರತೆಯಲ್ಲೂ ಸುಸ್ತು, ಬೇಸರ, ನಿರಾಸಕ್ತಿ ಕಾಣಿಸಿಕೊಳ್ಳುತ್ತವೆ. ಮೊದಲ ಭೇಟಿಯಲ್ಲೇ ಹಿಮೋಗ್ಲೋಬಿನ್ ಮತ್ತು ಟಿಎಸ್‌ಎಚ್ ಪರೀಕ್ಷೆ ಆಗಿದೆಯೇ ಎಂದು ಕೇಳಿ.

ಕೆಲವರಿಗೆ ಈ ಅವಧಿ ಹೆಚ್ಚು ಕಷ್ಟವಾಗಬಹುದು:

- ಮೊದಲು ಖಿನ್ನತೆ, ಆತಂಕ ಅಥವಾ ಬೇರೆ ಮಾನಸಿಕ ಕಾಯಿಲೆ ಇದ್ದವರು
- ಹಿಂದೆ ಗರ್ಭಪಾತವಾದವರು, ಮಗುವನ್ನು ಕಳೆದುಕೊಂಡವರು
- ಬಹಳ ವರ್ಷ ಕಾದು, ಚಿಕಿತ್ಸೆ ಪಡೆದು ಗರ್ಭ ಧರಿಸಿದವರು
- ಯೋಜಿಸದೆ ಗರ್ಭಿಣಿಯಾದವರು
- ಮನೆಯಲ್ಲಿ ಜಗಳ, ಹಿಂಸೆ, ಹಣದ ಮುಗ್ಗಟ್ಟು ಇರುವವರು
- ಗಂಡು ಮಗುವೇ ಬೇಕೆಂಬ ಒತ್ತಡದಲ್ಲಿರುವವರು
- ಹೊಸ ಊರಿಗೆ ಬಂದು, ತಮ್ಮವರು ಎನ್ನುವವರು ಹತ್ತಿರವಿಲ್ಲದವರು

ಈ ಪಟ್ಟಿಯಲ್ಲಿ ನೀವಿದ್ದರೆ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ. ಆದರೆ ಮೊದಲ ಭೇಟಿಯಲ್ಲೇ ವೈದ್ಯರಿಗೆ ಈ ವಿಷಯ ತಿಳಿಸಿ.

## ಯಾವುದೆಲ್ಲ ಸಹಜ?

ಖುಷಿಯೂ ಭಯವೂ ಒಟ್ಟಿಗೇ ಬರುವುದು ಸಹಜ. "ಮಗು ಬೇಕಿತ್ತು, ಆದರೆ ಈಗಲೇ ಬೇಕಿತ್ತೇ?" ಎನಿಸುವುದೂ ಸಹಜ. ಕೆಲಸ, ಓದು, ಇಬ್ಬರೇ ಇದ್ದ ಸಂಸಾರ ಎಲ್ಲವೂ ಬದಲಾಗುತ್ತದೆ ಎಂದು ಸಂಕಟವಾಗಬಹುದು. ಹಾಗೆ ಸಂಕಟಪಟ್ಟವರು ಕೆಟ್ಟ ತಾಯಿಯಾಗುವುದಿಲ್ಲ.

ಹೊಟ್ಟೆಯೊಳಗಿನ ಮಗುವಿನ ಮೇಲೆ ಇನ್ನೂ ಪ್ರೀತಿ ಉಕ್ಕದಿದ್ದರೂ ಗಾಬರಿ ಬೇಡ. 8ನೇ ವಾರದಲ್ಲಿ ಹೊಟ್ಟೆ ಕಾಣುವುದಿಲ್ಲ, ಮಗುವಿನ ಮಿಸುಕಾಟ ತಿಳಿಯುವುದಿಲ್ಲ. ಕೈಗೆ ಸಿಕ್ಕಿರುವುದು ವಾಂತಿ ಮತ್ತು ಒಂದು ಸ್ಕ್ಯಾನ್ ಚಿತ್ರ ಮಾತ್ರ. ಅನೇಕರಿಗೆ ಆ ಬಂಧ ಮಗು ಮಿಸುಕಾಡಿದ ಮೇಲೆ ಬೆಳೆಯುತ್ತದೆ, ಕೆಲವರಿಗೆ ಹೆರಿಗೆಯಾಗಿ ಕೆಲವು ವಾರಗಳ ನಂತರ.

ವಿಚಿತ್ರ ಕನಸುಗಳು, ಗಂಡ ಮುಟ್ಟಿದರೆ ಬೇಡವೆನಿಸುವುದು, ಅಮ್ಮನ ನೆನಪು ಹೆಚ್ಚಾಗುವುದು, ಬೇರೆ ಬಸುರಿಯರು ನಗುವುದನ್ನು ನೋಡಿ ಕಿರಿಕಿರಿಯಾಗುವುದು ಇವೆಲ್ಲ ಬಂದುಹೋಗುವ ಭಾವನೆಗಳು. ಒಂದು ದಿನ ಕೆಟ್ಟದಾಗಿದ್ದು ಮರುದಿನ ಸ್ವಲ್ಪ ಹಗುರವೆನಿಸಿದರೆ, ನಡುನಡುವೆ ನಗುವೂ ಬರುತ್ತಿದ್ದರೆ ಹೆಚ್ಚು ಚಿಂತೆ ಬೇಡ.

## "ಗರ್ಭ ನಿಲ್ಲುತ್ತದೋ ಇಲ್ಲವೋ" ಎಂಬ ಭಯ

ಮೊದಲ ತಿಂಗಳುಗಳಲ್ಲಿ ಅತಿ ಹೆಚ್ಚು ಕಾಡುವ ಭಯ ಇದು. ಬಚ್ಚಲಿಗೆ ಹೋದಾಗಲೆಲ್ಲ ರಕ್ತ ಕಾಣುತ್ತದೇನೋ ಎಂದು ನೋಡುವವರು, ವಾಕರಿಕೆ ಒಂದು ದಿನ ಕಡಿಮೆಯಾದರೆ ಬೆಚ್ಚುವವರು ಬಹಳ ಮಂದಿ.

ವಾಸ್ತವ ಹೀಗಿದೆ. ಖಚಿತವಾದ ಗರ್ಭಗಳಲ್ಲಿ ಸುಮಾರು 10ರಿಂದ 20 ಶೇಕಡಾ ತಾವಾಗಿ ಗರ್ಭಪಾತವಾಗುತ್ತವೆ. ಇವುಗಳಲ್ಲಿ ಬಹುಪಾಲು ಮೊದಲ 12 ವಾರಗಳಲ್ಲೇ ಆಗುತ್ತವೆ. ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳಲ್ಲಿನ ದೋಷ. ಅದು ಗರ್ಭ ಕಟ್ಟುವಾಗಲೇ ಆಗಿರುತ್ತದೆ. ಯಾರೂ ತಡೆಯಲು ಆಗುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಹತ್ತರಲ್ಲಿ ಎಂಟು ಅಥವಾ ಹೆಚ್ಚು ಗರ್ಭಗಳು ಮುಂದುವರಿಯುತ್ತವೆ. ಸ್ಕ್ಯಾನ್‌ನಲ್ಲಿ ಮಗುವಿನ ಹೃದಯ ಬಡಿತ ಕಂಡ ಮೇಲೆ ಅಪಾಯ ಇನ್ನಷ್ಟು ಕಡಿಮೆಯಾಗುತ್ತದೆ.

ತೊಂದರೆಯಿಲ್ಲದ ಗರ್ಭದಲ್ಲಿ ಇವುಗಳಿಂದ ಗರ್ಭಪಾತವಾಗುವುದಿಲ್ಲ:

- ಒಂದು ದಿನ ಅತ್ತಿದ್ದು, ಜಗಳವಾಡಿದ್ದು
- ಕಚೇರಿಗೆ ಹೋದದ್ದು, ಮೆಟ್ಟಿಲು ಹತ್ತಿದ್ದು, ಮನೆಗೆಲಸ ಮಾಡಿದ್ದು
- ಗರ್ಭ ಗೊತ್ತಾಗುವ ಮೊದಲು ಗಂಡ ಹೆಂಡತಿ ಕೂಡಿದ್ದು
- ಗೊತ್ತಿಲ್ಲದೆ ಒಂದೆರಡು ಹೋಳು ಹಣ್ಣಾದ ಪಪ್ಪಾಯಿ ತಿಂದದ್ದು
- "ಈ ಮಗು ಬೇಡವಾಗಿತ್ತು" ಎಂದು ಒಮ್ಮೆ ಮನಸ್ಸಿನಲ್ಲಿ ಅಂದುಕೊಂಡದ್ದು

ಹಿಂದೆ ಗರ್ಭಪಾತವಾಗಿದ್ದರೆ, ಆಗ ಯಾರೋ ಹೇಳಿದ "ನೀನು ಓಡಾಡಿದ್ದಕ್ಕೇ ಹೀಗಾಯ್ತು" ಎಂಬ ಮಾತು ಇನ್ನೂ ಚುಚ್ಚುತ್ತಿರಬಹುದು. ಆ ಮಾತಿಗೆ ವೈದ್ಯಕೀಯ ಆಧಾರವಿಲ್ಲ. ಹಿಂದಿನ ಬಾರಿ ಕಳೆದುಕೊಂಡ ವಾರ ಬಂದಾಗ ಭಯ ಹೆಚ್ಚಾಗುವುದು ಸಹಜ. ಆ ವಾರದಲ್ಲಿ ಒಂದು ಭೇಟಿ ಇಟ್ಟುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು: ಹೆಚ್ಚು ರಕ್ತಸ್ರಾವ, ಹೊಟ್ಟೆಯಲ್ಲಿ (ಮುಖ್ಯವಾಗಿ ಒಂದೇ ಬದಿಯಲ್ಲಿ) ತೀವ್ರ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತಿ ಬೀಳುವುದು, ಜ್ವರ, 24 ಗಂಟೆ ನೀರೂ ಹೊಟ್ಟೆಯಲ್ಲಿ ನಿಲ್ಲದಿರುವುದು, ಮೂತ್ರ ಬಹಳ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗುವುದು. ಸ್ವಲ್ಪ ರಕ್ತದ ಕಲೆ ಅನೇಕರಿಗೆ ಕಾಣುತ್ತದೆ, ಅವರಲ್ಲಿ ಬಹಳ ಮಂದಿಯ ಗರ್ಭ ಮುಂದುವರಿಯುತ್ತದೆ. ಆದರೂ ವೈದ್ಯರಿಗೆ ತಿಳಿಸಲೇಬೇಕು.

## ಯಾರಿಗೆ ಹೇಳಬೇಕು, ಯಾವಾಗ?

ಮೂರು ತಿಂಗಳು ಹೇಳಬಾರದು ಎಂಬ ರೂಢಿಯ ಹಿಂದೆ ದೃಷ್ಟಿಯ ಭಯವೂ ಇದೆ, ಗರ್ಭ ನಿಲ್ಲದಿದ್ದರೆ ಎಲ್ಲರಿಗೂ ಉತ್ತರ ಕೊಡಬೇಕಾಗುತ್ತದೆ ಎಂಬ ಮುಂದಾಲೋಚನೆಯೂ ಇದೆ. ಊರಿಗೆಲ್ಲ ಹೇಳದಿರುವುದು ನಿಮ್ಮಿಷ್ಟ. ಆದರೆ ಯಾರಿಗೂ ಹೇಳದಿದ್ದರೆ ಕಷ್ಟ ಬಂದಾಗ ಕೈ ಹಿಡಿಯಲು ಯಾರೂ ಇರುವುದಿಲ್ಲ.

ಹೀಗೆ ಯೋಚಿಸಿ: "ಒಂದು ವೇಳೆ ಗರ್ಭ ನಿಲ್ಲದಿದ್ದರೆ ನಾನು ಯಾರ ಮುಂದೆ ಅಳಲು ಬಯಸುತ್ತೇನೆ?" ಆ ಒಬ್ಬಿಬ್ಬರಿಗೆ ಈಗಲೇ ಹೇಳಿ. ಅದು ಅಮ್ಮ, ಅಕ್ಕ, ನಾದಿನಿ, ಹಳೆಯ ಗೆಳತಿ, ಪಕ್ಕದ ಮನೆಯ ಆಂಟಿ ಯಾರೂ ಆಗಿರಬಹುದು. "ಇನ್ಯಾರಿಗೂ ಹೇಳಬೇಡಿ" ಎಂದು ಕೇಳಿಕೊಳ್ಳುವ ಹಕ್ಕು ನಿಮಗಿದೆ.

ಕಚೇರಿಯಲ್ಲಿ ಎಲ್ಲರಿಗೂ ತಿಳಿಯಬೇಕಿಲ್ಲ. ಆದರೆ ವಾಂತಿ ಹೆಚ್ಚಿದ್ದರೆ, ರಾತ್ರಿ ಪಾಳಿ ಇದ್ದರೆ ಮೇಲಧಿಕಾರಿಗೆ ಅಥವಾ ಎಚ್‌ಆರ್‌ಗೆ ತಿಳಿಸುವುದು ಒಳ್ಳೆಯದು. ಹೆರಿಗೆ ಸೌಲಭ್ಯದ ಕಾನೂನಿಗೆ ಒಳಪಡುವ ಸಂಸ್ಥೆಗಳಲ್ಲಿ, ಗರ್ಭದ ಕಾರಣದಿಂದ ಕಾಯಿಲೆಯಾದರೆ ವೈದ್ಯರ ಪ್ರಮಾಣಪತ್ರದ ಮೇಲೆ ಒಂದು ತಿಂಗಳವರೆಗೆ ಹೆಚ್ಚುವರಿ ಸಂಬಳಸಹಿತ ರಜೆಗೆ ಅವಕಾಶವಿದೆ. ಗರ್ಭಪಾತವಾದರೆ 6 ವಾರಗಳ ಸಂಬಳಸಹಿತ ರಜೆ ಸಿಗುತ್ತದೆ.

ಹೊಟ್ಟೆ ಕಾಣದ ಈ ತಿಂಗಳುಗಳಲ್ಲಿ ಬಸ್ಸಿನಲ್ಲಿ, ರೈಲಿನಲ್ಲಿ ಯಾರೂ ತಾವಾಗಿ ಸೀಟು ಬಿಡುವುದಿಲ್ಲ. ಬಾಯಿಬಿಟ್ಟು ಕೇಳಿ. ಮುಂಬಯಿ ಲೋಕಲ್‌ನಲ್ಲಿ ಅಂಗವಿಕಲರಿಗೆ ಮೀಸಲಾದ ಡಬ್ಬಿಯಲ್ಲಿ ಗರ್ಭಿಣಿಯರೂ ಪ್ರಯಾಣಿಸಬಹುದು. ವೈದ್ಯರ ಚೀಟಿ ಜೊತೆಗಿರಲಿ.

## ದಿನ ಕಳೆಯಲು ನೆರವಾಗುವ ಕೆಲವು ದಾರಿಗಳು

ಹೊಟ್ಟೆ ಖಾಲಿ ಬಿಡಬೇಡಿ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ, ಸಿಟ್ಟು ಎರಡೂ ಹೆಚ್ಚು. ಹಾಸಿಗೆಯ ಪಕ್ಕ ಎರಡು ಬಿಸ್ಕತ್ತು, ಸ್ವಲ್ಪ ಮಂಡಕ್ಕಿ ಅಥವಾ ಒಣ ಚಪಾತಿಯ ಚೂರು ಇಟ್ಟುಕೊಂಡು, ಎದ್ದು ಕೂರುವ ಮೊದಲೇ ತಿನ್ನಿ. ಎರಡು ಎರಡೂವರೆ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಸಾಕು. ಮೊಸರನ್ನ, ಗಂಜಿ, ತಿಳಿಸಾರು ಅನ್ನ, ಇಡ್ಲಿ ಹೀಗೆ ಹೊಟ್ಟೆಗೆ ಸೇರಿದ್ದನ್ನೇ ಈ ಕೆಲವು ವಾರ ತಿನ್ನಿ. ಶುಂಠಿ ಕೆಲವರಿಗೆ ಹಿತ. ಇಷ್ಟಕ್ಕೆ ತಗ್ಗದಿದ್ದರೆ ಸಹಿಸಿಕೊಂಡು ಕೂರಬೇಡಿ. ಗರ್ಭಿಣಿಯರಿಗೆ ಸುರಕ್ಷಿತವಾದ ವಾಂತಿ ಮಾತ್ರೆಗಳಿವೆ, ವೈದ್ಯರನ್ನು ಕೇಳಿ.

ನಿದ್ದೆಗೆ ಸಂಕೋಚ ಬೇಡ. ಮಧ್ಯಾಹ್ನ ಅರ್ಧ ಗಂಟೆ ಮಲಗುವುದು ಸೋಮಾರಿತನವಲ್ಲ. ರಾತ್ರಿ ಮಲಗುವ ಮುಂಚೆ ಒಂದು ಗಂಟೆ ಫೋನ್ ದೂರವಿಡಿ.

ಕೆಲಸ ಕಡಿಮೆ ಮಾಡಿ. ಈ ವಾರ ಮಾಡಲೇಬೇಕಾದ ಮೂರು ಕೆಲಸ ಬರೆಯಿರಿ. ಉಳಿದದ್ದು ಬೇರೆಯವರಿಗೆ, ಇಲ್ಲವೇ ಮುಂದಿನ ತಿಂಗಳಿಗೆ. ಒಗ್ಗರಣೆ ವಾಸನೆ ಆಗದಿದ್ದರೆ ಅಡುಗೆಮನೆಯಿಂದ ರಜೆ ತೆಗೆದುಕೊಳ್ಳಿ.

ಸ್ವಲ್ಪ ನಡೆಯಿರಿ. ವೈದ್ಯರು ಬೇಡವೆನ್ನದಿದ್ದರೆ ಸಂಜೆ 20 ನಿಮಿಷ ನಿಧಾನ ನಡಿಗೆ ಮನಸ್ಸಿಗೂ ನಿದ್ದೆಗೂ ಒಳ್ಳೆಯದು.

ಉಸಿರಿನ ಕಡೆ ಗಮನ ಕೊಡಿ. ಗಾಬರಿಯಾದಾಗ ಕುಳಿತು, ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಎಳೆದು, ಆರು ಎಣಿಸುವಷ್ಟು ನಿಧಾನವಾಗಿ ಬಿಡಿ. ಐದು ನಿಮಿಷ ಹೀಗೆ ಮಾಡಿ. ಉಸಿರು ಬಿಗಿಹಿಡಿಯುವುದು ಬೇಡ.

ಚಿಂತೆಗೊಂದು ಹೊತ್ತು ಇಡಿ. ದಿನವಿಡೀ ತಲೆಗೆ ಬರುವ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಸಂಜೆ 15 ನಿಮಿಷ ಅದನ್ನು ನೋಡಿ. ವೈದ್ಯರನ್ನು ಕೇಳಬೇಕಾದದ್ದಕ್ಕೆ ಗುರುತು ಹಾಕಿ. ರಾತ್ರಿ ಎರಡು ಗಂಟೆಗೆ ಮೊಬೈಲ್‌ನಲ್ಲಿ ಹುಡುಕಿದರೆ ಉತ್ತರಕ್ಕಿಂತ ಹೊಸ ಭಯಗಳೇ ಹೆಚ್ಚು ಸಿಗುತ್ತವೆ.

## ಮನೆಯವರಿಗೆ ಒಂದು ಮಾತು

ಗಂಡನಾಗಲಿ, ಅಮ್ಮನಾಗಲಿ, ಅತ್ತೆಯಾಗಲಿ, ನಿಮ್ಮ ಒಂದೊಂದು ಮಾತೂ ಈಗ ಲೆಕ್ಕಕ್ಕೆ ಬರುತ್ತದೆ.

"ನಾವೂ ಮೂರು ಹೆತ್ತಿಲ್ವಾ, ಇದೇನು ದೊಡ್ಡದು?" ಎಂದರೆ ಆಕೆ ಮುಂದೆ ಬಾಯಿ ಬಿಡುವುದಿಲ್ಲ. "ಅಳಬೇಡ, ಮಗುವಿಗೆ ತೊಂದರೆ" ಎಂದರೆ ದುಃಖದ ಜೊತೆಗೆ ಅಪರಾಧ ಭಾವವೂ ಸೇರುತ್ತದೆ. ಅದರ ಬದಲು "ಇವತ್ತು ಹೇಗಿದೆ? ಏನು ಮಾಡಿದರೆ ಹಿತವಾಗುತ್ತೆ ಹೇಳು" ಎಂದು ಕೇಳಿ. ಉತ್ತರ ಬರದಿದ್ದರೂ ಪಕ್ಕದಲ್ಲಿ ಕುಳಿತಿರಿ.

ಗಂಡಂದಿರು ಮಾಡಬಹುದಾದದ್ದು: ಒಂದು ಹೊತ್ತಿನ ಅಡುಗೆ ಪೂರ್ತಿ ವಹಿಸಿಕೊಳ್ಳುವುದು, ಸ್ಕ್ಯಾನ್ ದಿನ ರಜೆ ಹಾಕಿ ಜೊತೆಗೆ ಹೋಗುವುದು, ಊರಿನಿಂದ ಬರುವ ಸಲಹೆಯ ಫೋನುಗಳನ್ನು ತಾವೇ ತೆಗೆದುಕೊಳ್ಳುವುದು. ನಿಮಗೂ ಹಣದ, ಜವಾಬ್ದಾರಿಯ ಭಯ ಇರಬಹುದು. ಅದನ್ನೂ ಇಬ್ಬರೂ ಕುಳಿತು ಮಾತಾಡಿ.

ದೂರದಲ್ಲಿರುವ ತಾಯಂದಿರು ದಿನಕ್ಕೆ ಹತ್ತು ಸಲ "ತಿಂದೆಯಾ?" ಎಂದು ಕೇಳುವ ಬದಲು, ಸಂಜೆ ಒಂದು ನಿಗದಿತ ಹೊತ್ತಿನಲ್ಲಿ ನಿಧಾನವಾಗಿ ಮಾತಾಡಿದರೆ ಮಗಳಿಗೆ ಹೆಚ್ಚು ನೆಮ್ಮದಿ.

"ಗಂಡೇ ಆಗಲಿ" ಎಂಬ ಹಾರೈಕೆ ಬೇಡ. ಮಗುವಿನ ಲಿಂಗ ನಿರ್ಧರಿಸುವುದು ತಂದೆಯ ವೀರ್ಯಾಣು, ತಾಯಿಯಲ್ಲ. ಹುಟ್ಟುವ ಮೊದಲು ಲಿಂಗ ಪತ್ತೆ ಮಾಡಿಸುವುದು 1994ರ ಕಾಯಿದೆಯ ಪ್ರಕಾರ ಅಪರಾಧ.

## ವೈದ್ಯರಿಗೆ ಕನ್ನಡ ಬಾರದಿದ್ದರೆ?

ಹೊಟ್ಟೆನೋವನ್ನು ಹಿಂದಿಯಲ್ಲೋ ಮರಾಠಿಯಲ್ಲೋ ಹೇಳಬಹುದು. ಮನಸ್ಸಿನ ನೋವು ಹೇಳುವಾಗ ತಾಯಿನುಡಿಯ ಮಾತೇ ಬಾಯಿಗೆ ಬರುತ್ತದೆ. ಹೋಗುವ ಮೊದಲು ಕನ್ನಡದಲ್ಲೇ ನಾಲ್ಕು ಸಾಲು ಬರೆದುಕೊಳ್ಳಿ: ಎಷ್ಟು ದಿನದಿಂದ ಹೀಗಿದೆ, ನಿದ್ದೆ ಹೇಗಿದೆ, ಊಟ ಹೇಗಿದೆ, ಯಾವ ಯೋಚನೆ ಬಿಡದೆ ಕಾಡುತ್ತಿದೆ. ನಂಬುವ ಒಬ್ಬರಿಂದ ಅದನ್ನು ಅನುವಾದ ಮಾಡಿಸಿ ವೈದ್ಯರಿಗೆ ತೋರಿಸಿ. ಮನೆಯವರ ಮುಂದೆ ಹೇಳಲು ಕಷ್ಟವಾದರೆ "ನಾನು ಒಬ್ಬಳೇ ಮಾತಾಡಬೇಕು" ಎಂದು ನರ್ಸ್‌ಗೆ ಹೇಳಿ. ಕನ್ನಡದಲ್ಲೇ ಮಾತಾಡಬೇಕೆಂದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಅದರ ಸಂಖ್ಯೆ ಮುಂದೆ ಕೊಟ್ಟಿದೆ.

## ಯಾವಾಗ ಸಹಾಯ ಪಡೆಯಲೇಬೇಕು?

ನಿಮ್ಮನ್ನೇ ಈ ಎರಡು ಪ್ರಶ್ನೆ ಕೇಳಿಕೊಳ್ಳಿ:

1. ಕಳೆದ ಒಂದು ತಿಂಗಳಲ್ಲಿ ಮನಸ್ಸು ಕುಗ್ಗಿದಂತೆ, ಭರವಸೆಯೇ ಇಲ್ಲದಂತೆ ಆಗಾಗ ಅನಿಸಿದೆಯೇ?
2. ಮೊದಲು ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ಆಸಕ್ತಿ, ಸಂತೋಷ ಆಗಾಗ ಇಲ್ಲವಾಗಿದೆಯೇ?

ಒಂದಕ್ಕೆ "ಹೌದು" ಎಂದರೂ ವೈದ್ಯರ ಬಳಿ ಮಾತಾಡಿ. ಅವರು ಎಡಿನ್‌ಬರೋ ಮಾಪನದ 10 ಪ್ರಶ್ನೆಗಳನ್ನು ಕೇಳಬಹುದು. ಅದು ಕನ್ನಡದಲ್ಲೂ ಇದೆ.

ಕೆಳಗಿನವು ಎರಡು ವಾರಕ್ಕಿಂತ ಹೆಚ್ಚು ಇದ್ದರೆ ಕಾಯಬೇಡಿ:

- ದಿನದ ಬಹುಪಾಲು ಬೇಸರ, ಅಳು ಅಥವಾ ಏನೂ ಅನಿಸದ ಜಡತೆ
- ಮಲಗಿದರೂ ನಿದ್ದೆ ಬಾರದಿರುವುದು
- ನಿಲ್ಲದ ಆತಂಕ, ಎದೆ ಹೊಡೆದುಕೊಳ್ಳುವುದು, ಒಂದೇ ಯೋಚನೆ ಮರಳಿ ಮರಳಿ ಬರುವುದು
- "ನಾನು ಯಾತಕ್ಕೂ ಬಾರದವಳು" ಎಂಬ ಭಾವ
- ಸ್ನಾನ, ಊಟ, ಮಾತ್ರೆ ಯಾವುದೂ ಬೇಡವಾಗುವುದು

ಸಾಯಬೇಕು, ನನ್ನನ್ನು ನೋಯಿಸಿಕೊಳ್ಳಬೇಕು ಎಂಬ ಯೋಚನೆ ಬಂದರೆ, ಇಲ್ಲದ ಧ್ವನಿ ಕೇಳಿಸಿದರೆ ಎರಡು ವಾರ ಕಾಯುವಂತಿಲ್ಲ. ಆಗಲೇ ಜೊತೆಗಿರುವವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ ಅಥವಾ 112ಕ್ಕೆ ಕರೆ ಮಾಡಿ. ಮನೆಯವರು ಅಂಥ ಮಾತು ಕೇಳಿದರೆ ಆಕೆಯನ್ನು ಒಬ್ಬಳನ್ನೇ ಬಿಡಬೇಡಿ.

ಸಹಾಯ ಎಲ್ಲಿ ಸಿಗುತ್ತದೆ?

- ಟೆಲಿ ಮಾನಸ್: 14416 ಅಥವಾ 1800 891 4416. ಉಚಿತ, 24 ಗಂಟೆಯೂ ಲಭ್ಯ. 2022ರಲ್ಲಿ ಶುರುವಾದ ಈ ಸೇವೆ 20 ಭಾಷೆಗಳಲ್ಲಿದೆ. ಕರೆ ಮಾಡಿದಾಗ ಕನ್ನಡ ಬೇಕೆಂದು ಹೇಳಿ.
- ದೊಡ್ಡ ಸರ್ಕಾರಿ ಆಸ್ಪತ್ರೆಗಳ ಮನೋವೈದ್ಯ ವಿಭಾಗ: ಮುಂಬಯಿಯ ಕೆಇಎಂ, ಪುಣೆಯ ಸಸೂನ್, ಚೆನ್ನೈನ ಕಿಲ್ಪಾಕ್ ಮತ್ತು ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆರೋಗ್ಯ ಸಂಸ್ಥೆಗಳು, ದೆಹಲಿಯ ಇಹ್ಬಾಸ್ ಮತ್ತು ಏಮ್ಸ್.
- ಹೆರಿಗೆಗೆ ಊರಿಗೆ ಹೋಗುವವರಾದರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗರ್ಭಿಣಿ ಮತ್ತು ಬಾಣಂತಿಯರಿಗಾಗಿಯೇ ಮನೋವೈದ್ಯ ಸೇವೆ ಇದೆ.

ಹೆಚ್ಚಿನವರಿಗೆ ಆಪ್ತಸಮಾಲೋಚನೆಯೇ ಸಾಕಾಗುತ್ತದೆ. ಕೆಲವರಿಗೆ ಮಾತ್ರೆ ಬೇಕಾಗುತ್ತದೆ.

## ಮಗು ಬೇಡವೆನಿಸಿದರೆ, ಮನೆಯಲ್ಲಿ ಹಿಂಸೆ ಇದ್ದರೆ

ಈ ಗರ್ಭ ಮುಂದುವರಿಸುವುದು ಬೇಡ ಎಂಬ ಯೋಚನೆ ಗಟ್ಟಿಯಾಗಿದ್ದರೆ ಬೇಗ ವೈದ್ಯರನ್ನು ಕಾಣಿ. ಕಾನೂನಿನ ಪ್ರಕಾರ ವಯಸ್ಕ ಹೆಣ್ಣಿನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. ವಿಷಯ ಗೋಪ್ಯವಾಗಿರುತ್ತದೆ. ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಅಪಾಯ. ಬೇರೆಯವರು ಬಲವಂತ ಮಾಡಿದರೆ, ಅದು ಮುಂದುವರಿಸಲಾಗಲಿ ತೆಗೆಸಲಾಗಲಿ, ವೈದ್ಯರ ಬಳಿ ಒಬ್ಬಳೇ ಮಾತಾಡಬೇಕೆಂದು ಕೇಳಿ.

ಹೊಡೆತ, ಬೈಗುಳ, ಊಟ ಅಥವಾ ಚಿಕಿತ್ಸೆ ಕೊಡದಿರುವುದು ಯಾವುದನ್ನೂ ಸಹಿಸಬೇಕಿಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

## ಓದುಗರು ಕೇಳುವ ಪ್ರಶ್ನೆಗಳು

ನಾನು ಅತ್ತರೆ ಮಗುವಿಗೆ ತೊಂದರೆಯಾಗುತ್ತದೆಯೇ?
ಇಲ್ಲ. ಅಳು, ಒಂದು ದಿನದ ಚಿಂತೆ ಮಗುವಿಗೆ ಹಾನಿ ಮಾಡುವುದಿಲ್ಲ. ಚಿಕಿತ್ಸೆಯಿಲ್ಲದೆ ತಿಂಗಳುಗಟ್ಟಲೆ ಉಳಿದ ತೀವ್ರ ಖಿನ್ನತೆಯಲ್ಲಿ ಅವಧಿಗೆ ಮುಂಚೆ ಹೆರಿಗೆಯಾಗುವ, ಮಗುವಿನ ತೂಕ ಕಡಿಮೆಯಾಗುವ ಸಾಧ್ಯತೆ ಹೆಚ್ಚು. ಅದಕ್ಕಾಗಿಯೇ ಬೇಗ ಚಿಕಿತ್ಸೆ ಪಡೆಯಬೇಕು.

ಮೊದಲಿನಿಂದ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನಿಲ್ಲಿಸಲೇ?
ನೀವಾಗಿ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಗರ್ಭದಲ್ಲಿ ಮುಂದುವರಿಸಬಹುದಾದ ಮಾತ್ರೆಗಳಿವೆ. ವಾಲ್ಪ್ರೊಯೇಟ್‌ನಂಥ ಕೆಲವು ಮಾತ್ರೆಗಳು ಮಗುವಿಗೆ ಹಾನಿಕರ, ಅವನ್ನು ವೈದ್ಯರು ಬದಲಿಸಬೇಕಾಗುತ್ತದೆ. ಗರ್ಭ ತಿಳಿದ ದಿನವೇ ಮನೋವೈದ್ಯರಿಗೆ ಫೋನ್ ಮಾಡಿ.

ಮೂರು ತಿಂಗಳು ಕಳೆದರೆ ಎಲ್ಲ ಸರಿಹೋಗುತ್ತದೆಯೇ?
ಹೆಚ್ಚಿನವರಿಗೆ ವಾಕರಿಕೆ, ಸುಸ್ತು ಇಳಿದು ಮನಸ್ಸೂ ಹಗುರಾಗುತ್ತದೆ. ಆಗಲೂ ಬೇಸರ ಉಳಿದರೆ "ಬಾಣಂತನ ಮುಗಿಯಲಿ, ನೋಡೋಣ" ಎಂದು ಮುಂದೂಡಬೇಡಿ.

## ನೆನಪಿಡಿ

- ಮೊದಲ ತಿಂಗಳುಗಳಲ್ಲಿ ಖುಷಿಯಾಗದಿರುವುದು ನಿಮ್ಮ ತಪ್ಪಲ್ಲ.
- ಊರಿಗೆ ಹೇಳದಿದ್ದರೂ ಒಬ್ಬಿಬ್ಬರಿಗೆ ಹೇಳಿ.
- ಎರಡು ವಾರ ದಾಟಿದ ಬೇಸರಕ್ಕೆ ವೈದ್ಯರ ಸಹಾಯ ಬೇಕು.
- 14416 ಸಂಖ್ಯೆಯನ್ನು ಈಗಲೇ ಫೋನಿನಲ್ಲಿ ಉಳಿಸಿಕೊಳ್ಳಿ.

ಮುಂದಿನ ಭೇಟಿಯಲ್ಲಿ ತೂಕ, ಬಿಪಿ ನೋಡಿದ ಮೇಲೆ ವೈದ್ಯರು "ಮತ್ತೇನಾದರೂ ಇದೆಯೇ?" ಎಂದು ಕೇಳುತ್ತಾರೆ. ಆಗ "ಏನಿಲ್ಲ" ಎಂದು ಎದ್ದು ಬರಬೇಡಿ. ಮನಸ್ಸಿಗೆ ಹೇಗಿದೆ ಎಂಬುದನ್ನೂ ಹೇಳಿ.

*ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ನಿಮ್ಮ ತೊಂದರೆಗೆ ನಿಮ್ಮ ವೈದ್ಯರ ಸಲಹೆಯನ್ನೇ ಪಾಲಿಸಿ.*